ಡಾರ್ಕ್‌ರೂಮಿಗೆ ಕತ್ತಲಲ್ಲಿ ಬೆಳಗುವ ಬಣ್ಣ: ಆಯ್ಕೆ, ಅಳತೆ, ಪರೀಕ್ಷೆ

ಫಿಲ್ಮ್ ತೊಳೆದು ಪ್ರಿಂಟ್ ಹಾಕುವ ಕತ್ತಲ ಕೋಣೆ ಡಾರ್ಕ್‌ರೂಮ್. ದೀಪ ಆರಿದ ಮೇಲೆ ಅಲ್ಲಿ ಕಣ್ಣಿಗೆ ಕೆಲಸವಿಲ್ಲ, ಎಲ್ಲವೂ ಕೈಯ ನೆನಪು. ಕತ್ತರಿ ಎಲ್ಲಿದೆ, ಫಿಲ್ಮ್ ತೊಳೆಯುವ ಟ್ಯಾಂಕಿನ ಮುಚ್ಚಳವನ್ನು ಯಾವ ಬದಿಗೆ ಇಟ್ಟೆವು, ಬಾಗಿಲ ಚಿಲಕ ಎಷ್ಟು ಹೆಜ್ಜೆ ದೂರ ಎಂಬುದನ್ನೆಲ್ಲ ತಡವಿಯೇ ತಿಳಿಯಬೇಕು. ಪ್ರಿಂಟ್ ಹಾಕುವಾಗ ಪೇಪರನ್ನು ಕೆಡಿಸದ ಮಂದ ಕೆಂಪು ದೀಪದ, ಅಂದರೆ ಸೇಫ್‌ಲೈಟಿನ ಆಸರೆಯಾದರೂ ಇರುತ್ತದೆ. ಕ್ಯಾಮೆರಾದಿಂದ ತೆಗೆದ ರೋಲನ್ನು ಟ್ಯಾಂಕಿನೊಳಗೆ ಕೂರುವ ರೀಲಿಗೆ ಸುತ್ತುವ ಹೊತ್ತಿನಲ್ಲಿ ಅದೂ ಇಲ್ಲ. ಇಂದು ಸಿಗುವ ಕಪ್ಪುಬಿಳುಪು ಫಿಲ್ಮುಗಳಲ್ಲಿ ಹೆಚ್ಚಿನವು ಪ್ಯಾನ್‌ಕ್ರೊಮ್ಯಾಟಿಕ್. ಕಣ್ಣಿಗೆ ಕಾಣುವ ಹೆಚ್ಚುಕಡಿಮೆ ಎಲ್ಲ ಬಣ್ಣದ ಬೆಳಕೂ ಅವುಗಳಿಗೆ ತಾಗುತ್ತದೆ. ಕೊಪ್ಪಳದಂಥ ಊರಿನಲ್ಲಿ ಮನೆಯೊಳಗಿನ ಡಾರ್ಕ್‌ರೂಮ್ ಎಂದರೆ ಉಗ್ರಾಣ, ಇಲ್ಲವೇ ಬಚ್ಚಲಿಗೆ ಅಂಟಿದ ಸಣ್ಣ ಕೋಣೆ. ಕಾಲಿಡಲು ಜಾಗ ಕಡಿಮೆ, ಹಣೆಗೆ ಬಡಿಯುವ ಮೂಲೆಗಳು ಜಾಸ್ತಿ. ಇಂಥಲ್ಲಿ ಕತ್ತಲಲ್ಲಿ ಬೆಳಗುವ ಬಣ್ಣದ ನಾಲ್ಕು ಚುಕ್ಕೆಗಳು ಮಾಡುವ ಉಪಕಾರ ದೊಡ್ಡದು.

ಆದರೆ ಫಿಲ್ಮಿನ ಮಟ್ಟಿಗೆ ಆ ಚುಕ್ಕೆಯೂ ಒಂದು ದೀಪವೇ. ಕುಕನೂರು ಕಡೆಯ ಇಟಗಿಯ ಮಹಾದೇವ ದೇವಾಲಯಕ್ಕೆ ಹೋಗಿ, ಒಳಗಿನ ಕಂಬಗಳ ನಡುವಿನ ನೆರಳನ್ನು ಹಿಡಿದು ತಂದ ರೋಲನ್ನು ನೆನೆಸಿಕೊಳ್ಳಿ. ನೆಗೆಟಿವ್‌ನಲ್ಲಿ ಆ ನೆರಳಿನ ಭಾಗ ತೆಳುವಾಗಿರುತ್ತದೆ. ಹೊರಗಿನ ಬೆಳಕು ಅಷ್ಟಿಷ್ಟು ತಾಗಿದರೆ ಬರುವ ಮುಸುಕು, ಅಂದರೆ ಫಾಗ್, ಮೊದಲು ಕೆಡಿಸುವುದು ಆ ಜಾಗವನ್ನೇ. ಕಂಬದ ಮೇಲಿನ ಸೂಕ್ಷ್ಮ ಕೆತ್ತನೆ ಬೂದುಬಣ್ಣದ ಮುಸುಕಿನೊಳಗೆ ಸೇರಿಹೋಗುತ್ತದೆ, ಪ್ರಿಂಟಿನಲ್ಲಿ ಎಷ್ಟು ಹೆಣಗಿದರೂ ತಿರುಗಿ ಬರುವುದಿಲ್ಲ. ಆದ್ದರಿಂದ ಈ ಬಣ್ಣ ಜಾಗ ತೋರುವ ಗುರುತಾಗಿ ಮಾತ್ರ ಇರಲಿ, ಕೋಣೆ ಬೆಳಗಿಸಲು ಎಂದೂ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಚುಕ್ಕೆ ಚಿಕ್ಕದಿರಬೇಕು, ಫಿಲ್ಮಿನಿಂದ ದೂರವಿರಬೇಕು, ದೀಪ ಆರಿಸಿ ಸಾಕಷ್ಟು ಹೊತ್ತು ಕಳೆದಿರಬೇಕು, ನೀವು ಬಳಸುವ ಫಿಲ್ಮಿನ ಮೇಲೆಯೇ ಪರೀಕ್ಷೆ ಆಗಿರಬೇಕು. ಮುಂದೆ ಬರೆದಿರುವುದೆಲ್ಲ ಈ ನಾಲ್ಕು ಮಾತುಗಳ ವಿವರ.

ಅಂಗಡಿಯಲ್ಲಿ ಏನನ್ನು ಕೇಳಿ ತರಬೇಕು

ನಮ್ಮ ಊರುಗಳಲ್ಲಿ ‘ರೇಡಿಯಂ’ ಎಂದು ಕೇಳಿದರೆ ಗಾಡಿಗಳ ಹಿಂದೆ ಅಂಟಿಸುವ ಸ್ಟಿಕ್ಕರ್ ಹಾಳೆಯನ್ನು ಕತ್ತರಿಸಿ ಕೊಡುತ್ತಾರೆ. ಅದು ತನ್ನ ಮೇಲೆ ಬಿದ್ದ ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುತ್ತದೆ ಅಷ್ಟೆ. ಬೆಳಕಿಲ್ಲದ ಕೋಣೆಯಲ್ಲಿ ಅದು ಕಾಣುವುದೇ ಇಲ್ಲ. ಕಣ್ಣು ಕುಕ್ಕುವ ಹಳದಿ, ಗುಲಾಬಿ ಫ್ಲೋರೊಸೆಂಟ್ ಬಣ್ಣಗಳೂ ಹಾಗೆಯೇ. ದೀಪ ಇರುವ ತನಕ ಅವುಗಳ ಹೊಳಪು, ದೀಪ ಆರಿದರೆ ಅದೂ ಮುಗಿಯಿತು. ನಮಗೆ ಬೇಕಾದದ್ದು ಬೆಳಕನ್ನು ಕುಡಿದು ಹಿಡಿದಿಟ್ಟುಕೊಂಡು ಆಮೇಲೆ ನಿಧಾನವಾಗಿ ಬಿಡುವ ಫಾಸ್ಫೊರೆಸೆಂಟ್ ಬಣ್ಣ. ಅಂಗಡಿಯಲ್ಲೇ ಪರೀಕ್ಷಿಸಿ ನೋಡಬಹುದು. ಮೊಬೈಲಿನ ಟಾರ್ಚನ್ನು ಡಬ್ಬಿಯ ಮೇಲೆ ಅರ್ಧ ನಿಮಿಷ ಹಿಡಿದು, ಎರಡು ಅಂಗೈಗಳಿಂದ ಮರೆಮಾಡಿ ಒಳಗೆ ಇಣುಕಿ. ಟಾರ್ಚ್ ಆರಿದ ಮೇಲೂ ಹಸಿರಾಗಿ ಬೆಳಗಿದರೆ ಅದು ಸರಿಯಾದ ಬಣ್ಣ.

ಇದರಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ತಾಮ್ರದ ಅಂಶ ಸೇರಿಸಿದ ಸತುವಿನ ಸಲ್ಫೈಡ್ ಹಳೆಯದು. ಬೇಗ ಬೆಳಕು ಕುಡಿಯುತ್ತದೆ, ಬೇಗ ಮಂಕಾಗುತ್ತದೆ. ಮಕ್ಕಳ ಆಟಿಕೆಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದದ್ದು ಅದೇ. ಯುರೋಪಿಯಂ ಮತ್ತು ಡಿಸ್ಪ್ರೋಸಿಯಂ ಸೇರಿಸಿದ ಸ್ಟ್ರಾನ್ಶಿಯಂ ಅಲ್ಯುಮಿನೇಟ್ 1990ರ ದಶಕದಲ್ಲಿ ಜಪಾನಿನಿಂದ ಬಳಕೆಗೆ ಬಂತು. ಇದರ ಬೆಳಕು ಹೆಚ್ಚು ಪ್ರಖರ, ಮತ್ತು ರಾತ್ರಿಯಿಡೀ ಮಸುಕಾಗಿ ಉಳಿಯುತ್ತದೆ. ಇವೆರಡರಲ್ಲಿ ವಿಕಿರಣ ಇಲ್ಲ. ಡಾರ್ಕ್‌ರೂಮಿಗೆ ಎರಡನೆಯದು ಒಳ್ಳೆಯದು, ಏಕೆಂದರೆ ಮೊದಲ ಅರ್ಧ ಗಂಟೆ ಕಳೆದ ಮೇಲೆ ಅದರ ಹೊಳಪು ಬಹಳ ನಿಧಾನವಾಗಿ ಇಳಿಯುತ್ತದೆ; ಕೆಲಸದ ನಡುವೆ ಗುರುತು ಮಾಯವಾಗುವುದಿಲ್ಲ.

ಕೆಂಪಾಗಿ ಬೆಳಗುವ ಬಣ್ಣ ಸಿಗುವುದಿಲ್ಲವೇ ಎಂದು ಹಲವರು ಕೇಳುತ್ತಾರೆ. ಸಿಗುತ್ತದೆ, ಆದರೆ ಅದರ ಹೊಳಪು ಕಡಿಮೆ, ಆಯುಷ್ಯ ಇನ್ನೂ ಕಡಿಮೆ. ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮಿಗಂತೂ ಕೆಂಪೂ ಅಪಾಯವೇ, ಹಸಿರೂ ಅಪಾಯವೇ. ಹಾಗಿದ್ದ ಮೇಲೆ ನಮ್ಮ ಕಣ್ಣಿಗೆ ಅತಿ ಕಡಿಮೆ ಬೆಳಕಿನಲ್ಲಿ ಕಾಣುವ ಬಣ್ಣವನ್ನು ಆರಿಸಿಕೊಳ್ಳುವುದೇ ಜಾಣತನ. ಕತ್ತಲೆಗೆ ಒಗ್ಗಿದ ಕಣ್ಣು ಅತಿ ಚುರುಕಾಗಿರುವುದು ಸುಮಾರು 507 ನ್ಯಾನೊಮೀಟರಿನ ನೀಲಿಹಸಿರಿಗೆ. ಸ್ಟ್ರಾನ್ಶಿಯಂ ಅಲ್ಯುಮಿನೇಟಿನ ಹಸಿರು 520ರ ಆಸುಪಾಸಿನಲ್ಲಿದೆ. ಹಿಂದೆ ಫಿಲ್ಮ್ ಅರ್ಧ ಡೆವಲಪ್ ಆದ ಮೇಲೆ ತೀರಾ ಮಂದ ಕಡುಹಸಿರು ದೀಪದಲ್ಲಿ ಒಂದೆರಡು ಸೆಕೆಂಡು ನೋಡುವ ಪದ್ಧತಿ ಇದ್ದದ್ದೂ ಇದೇ ಕಾರಣಕ್ಕೆ. ಹಸಿರು ಫಿಲ್ಮಿಗೆ ತಾಗುವುದಿಲ್ಲ ಎಂದು ಅದರ ಅರ್ಥವಲ್ಲ.

ಒಂದು ಚುಕ್ಕೆಯಿಂದ ಫಿಲ್ಮಿಗೆ ಎಷ್ಟು ಬೆಳಕು?

ಈ ಭಾಗವನ್ನು ದಯವಿಟ್ಟು ಹಾರಿಸಬೇಡಿ. ಲೆಕ್ಕ ಒಮ್ಮೆ ಕೈಗೆ ಹತ್ತಿದರೆ ಉಳಿದ ನಿಯಮಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ದೀಪ ಆರಿಸಿ ಹತ್ತು ನಿಮಿಷವಾದಾಗ ಬಣ್ಣದ ಹೊಳಪು ಚದರ ಮೀಟರಿಗೆ 100 ಮಿಲಿಕ್ಯಾಂಡೆಲಾ ಇದೆ ಎಂದಿಟ್ಟುಕೊಳ್ಳೋಣ. (ಕ್ಯಾಂಡೆಲಾ ಎಂದರೆ ಹೊರಡುವ ಬೆಳಕಿನ ತೀವ್ರತೆಯ ಅಳತೆ, ಲಕ್ಸ್ ಎಂದರೆ ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ.) ಒಳ್ಳೆಯ ಬಣ್ಣ ಚೆನ್ನಾಗಿ ಬೆಳಕು ಕುಡಿದಿದ್ದರೆ ಇದು ಸಹಜವಾದ ಮಟ್ಟ. 5 ಮಿ.ಮೀ. ವ್ಯಾಸದ ಚುಕ್ಕೆಯ ವಿಸ್ತೀರ್ಣ ಸುಮಾರು 20 ಚದರ ಮಿ.ಮೀ. ಅಲ್ಲಿಂದ ಹೊರಡುವ ಬೆಳಕು ಕ್ಯಾಂಡೆಲಾದ ಹತ್ತು ಲಕ್ಷದಲ್ಲಿ ಎರಡು ಪಾಲು. ಹತ್ತು ಸೆಂ.ಮೀ. ದೂರದಲ್ಲಿ ಇದು 0.0002 ಲಕ್ಸ್, ಒಂದು ಮೀಟರ್ ದೂರದಲ್ಲಿ ಅದರ ನೂರನೆಯ ಒಂದು ಪಾಲು. ಇನ್ನು ಫಿಲ್ಮಿನ ಕಡೆಗೆ ಬರೋಣ. ಫಿಲ್ಮಿನ ವೇಗ ಎಂದರೆ ಅದು ಬೆಳಕಿಗೆ ಎಷ್ಟು ಚುರುಕು ಎಂಬುದರ ಅಳತೆ. ಐಎಸ್‌ಒ ವೇಗದ ವ್ಯಾಖ್ಯೆಯಂತೆ 0.8 ಅನ್ನು ವೇಗದಿಂದ ಭಾಗಿಸಿದರೆ, ನೆಗೆಟಿವ್‌ನಲ್ಲಿ ಅಳೆಯಬಹುದಾದ ಮೊದಲ ಗುರುತು ಮೂಡಿಸುವ ಬೆಳಕು ಸಿಗುತ್ತದೆ. 400 ವೇಗದ ಫಿಲ್ಮಿಗೆ ಅದು 0.002 ಲಕ್ಸ್-ಸೆಕೆಂಡ್.

ಈಗ ಒಂದನ್ನು ಇನ್ನೊಂದರಿಂದ ಭಾಗಿಸಿ. ಹತ್ತು ಸೆಂ.ಮೀ. ದೂರದಲ್ಲಿ ಆ ಚುಕ್ಕೆ ಹತ್ತೇ ಸೆಕೆಂಡಿನಲ್ಲಿ ಫಿಲ್ಮನ್ನು ಕೆಡಿಸುತ್ತದೆ. ಮೂವತ್ತು ಸೆಂ.ಮೀ. ದೂರದಲ್ಲಿ ಒಂದೂವರೆ ನಿಮಿಷ ಸಾಕು. ಒಂದು ಮೀಟರ್ ದೂರವಿದ್ದರೆ ಹದಿನಾರು ಹದಿನೇಳು ನಿಮಿಷ ಬೇಕು. ಫಿಲ್ಮ್ ನೇರವಾಗಿ ಚುಕ್ಕೆಗೇ ತಾಗಿದರೆ ಒಂದು ಸೆಕೆಂಡಿನ ನೂರನೆಯ ಒಂದು ಪಾಲೂ ಬೇಡ. ಇನ್ನು ಚುಕ್ಕೆಯನ್ನು 2 ಮಿ.ಮೀ.ಗೆ ಇಳಿಸಿ, ಬೆಳಕು ಆರರಲ್ಲಿ ಒಂದು ಪಾಲಾಯಿತು. ಹತ್ತು ನಿಮಿಷದ ಬದಲು ಅರ್ಧ ಗಂಟೆ ಕಾಯಿರಿ. ಈ ಬಣ್ಣಗಳ ಹೊಳಪು ಹೆಚ್ಚುಕಡಿಮೆ ಕಾಲಕ್ಕೆ ವಿಲೋಮವಾಗಿ ಇಳಿಯುವುದರಿಂದ ಅದು ಮತ್ತೆ ಮೂರರಲ್ಲಿ ಒಂದು ಪಾಲಾಯಿತು. ಒಂದು ಮೀಟರ್ ದೂರದಲ್ಲಿ ಅದೇ ಫಿಲ್ಮ್ ಈಗ ಸುಮಾರು ಐದು ಗಂಟೆ ತಡೆಯುತ್ತದೆ. ರೀಲಿಗೆ ಸುತ್ತಲು ಬೇಕಾಗುವುದು ಕೆಲವೇ ನಿಮಿಷ. ಚುಕ್ಕೆಗಳು ಹತ್ತಿದ್ದರೆ ಆ ಐದು ಗಂಟೆ ಅರ್ಧ ಗಂಟೆಯಾಗುತ್ತದೆ ಎಂಬುದನ್ನೂ ಮರೆಯಬೇಡಿ, ಏಕೆಂದರೆ ಎಲ್ಲ ಚುಕ್ಕೆಗಳ ಬೆಳಕೂ ಕೂಡುತ್ತದೆ. 3200 ವೇಗದ ಫಿಲ್ಮಾದರೆ ಎಲ್ಲವನ್ನೂ ಎಂಟರಿಂದ ಭಾಗಿಸಿ. ಇದು ಅಂದಾಜು ಲೆಕ್ಕ. ಬಣ್ಣ, ಫಿಲ್ಮ್, ಚಿತ್ರ ಮೂಡಿಸುವ ದ್ರಾವಣವಾದ ಡೆವಲಪರ್ ಬದಲಾದಂತೆ ಅಂಕಿಗಳು ಬದಲಾಗುತ್ತವೆ. ಆದರೆ ಗಾತ್ರ, ದೂರ, ಕಾಯುವಿಕೆ ಈ ಮೂರೂ ಸೇರಿ ಸಾವಿರ ಪಟ್ಟು ವ್ಯತ್ಯಾಸ ಮಾಡುತ್ತವೆ ಎಂಬುದು ಮಾತ್ರ ಬದಲಾಗುವುದಿಲ್ಲ.

ಪ್ರಿಂಟಿಂಗ್ ಪೇಪರಿನ ಕತೆಯೇ ಬೇರೆ. ಸಾಮಾನ್ಯ ಪೇಪರಿಗೆ ನಡುವಣ ಬೂದುಬಣ್ಣ ಬರಲು ಸುಮಾರು 5 ಲಕ್ಸ್-ಸೆಕೆಂಡ್ ಬೇಕು, ಅಂದರೆ 400 ವೇಗದ ಫಿಲ್ಮಿಗಿಂತ ಎರಡೂವರೆ ಸಾವಿರ ಪಟ್ಟು. ಟ್ರೇಯ ಬಳಿ, ಗೋಡೆಯ ಮೇಲೆ ಇರುವ ಚುಕ್ಕೆಗಳಿಂದ ಪೇಪರಿಗೆ ಭಯವಿಲ್ಲ. ಆದರೆ ಪೇಪರ್ ಚುಕ್ಕೆಗೆ ಅಂಟಿಕೊಂಡು ಕೂತರೆ ಹದಿನೈದು ಹದಿನಾರು ಸೆಕೆಂಡಿನಲ್ಲಿ ಆ ಚುಕ್ಕೆಯ ಅಚ್ಚೇ ಮೂಡುತ್ತದೆ. ಪ್ರಿಂಟ್ ಹಾಕುವಾಗ ಪೇಪರನ್ನು ಹಿಡಿದಿಡುವ ಈಸಲ್‌ನ ಹಲಗೆಗೆ ಈ ಬಣ್ಣ ಹಚ್ಚಬಾರದು ಎನ್ನುವುದು ಇದಕ್ಕೇ.

ಬಣ್ಣಕ್ಕಿಂತ ಮೊದಲು ಕತ್ತಲೆ

ಕೋಣೆಯೇ ಸೋರುತ್ತಿದ್ದರೆ ಚುಕ್ಕೆಗಳನ್ನು ದೂರಿ ಫಲವಿಲ್ಲ. ನಡು ಮಧ್ಯಾಹ್ನ ಒಳಗೆ ಹೋಗಿ ಬಾಗಿಲು ಹಾಕಿ ಕಾಲು ಗಂಟೆ ಸುಮ್ಮನೆ ಕುಳಿತುಕೊಳ್ಳಿ. ನಮ್ಮ ಕಡೆಯ ಬಿಸಿಲು ತಗಡಿನ ಸಂದು, ಗವಾಕ್ಷಿ, ಬಾಗಿಲ ಕೆಳಗಿನ ಎಳೆಯಷ್ಟು ಬಿರುಕು ಯಾವುದನ್ನೂ ಬಿಡುವುದಿಲ್ಲ. ಹತ್ತು ನಿಮಿಷ ಕಳೆಯುವ ತನಕ ಏನೂ ಕಾಣದ ಕಡೆ ಆಮೇಲೆ ಗೆರೆಗಳು ಕಾಣತೊಡಗುತ್ತವೆ. ಅವನ್ನು ಕಪ್ಪು ಟೇಪು, ದಪ್ಪ ಕಪ್ಪು ಬಟ್ಟೆಯಿಂದ ಮುಚ್ಚಿ. ಇನ್ವರ್ಟರಿನ ಕೆಂಪು ದೀಪ, ಸ್ಟೆಬಿಲೈಸರಿನ ಅಂಕಿಗಳು, ಸ್ವಿಚ್ ಬೋರ್ಡಿನ ಇಂಡಿಕೇಟರ್ ಇವೆಲ್ಲವೂ ನಮ್ಮ ಚುಕ್ಕೆಗಳಿಗಿಂತ ಎಷ್ಟೋ ಪಟ್ಟು ಪ್ರಖರ. ಬೇಸಿಗೆಯಲ್ಲಿ ತೊಟ್ಟಿಯ ನೀರೇ ಕಾದಿರುವುದರಿಂದ ಇಲ್ಲಿ ಫಿಲ್ಮ್ ತೊಳೆಯುವವರು ಬೆಳಗಿನ ಜಾವವನ್ನೇ ಆರಿಸಿಕೊಳ್ಳುವುದು ಮೇಲು. ಸೋರುವ ಬೆಳಕಿನ ಕಾಟವೂ ಆಗ ಕಡಿಮೆ.

ಎಲ್ಲಿ ಇರಬೇಕು, ಎಲ್ಲಿ ಇರಬಾರದು

ಮೊದಲ ಗುರುತು ಬಿಳಿ ದೀಪದ ಸ್ವಿಚ್ಚಿಗೆ. ಅದು ಎಲ್ಲಿದೆ ಎಂದು ಗೊತ್ತಾಗಲು ಎಷ್ಟೋ, ಗೋಡೆ ತಡವುವಾಗ ಕೈ ತಪ್ಪಿಯೂ ಅದರ ಮೇಲೆ ಹೋಗದಂತೆ ನೋಡಿಕೊಳ್ಳಲೂ ಅಷ್ಟೇ. ಸ್ವಿಚ್ಚಿನ ಮೇಲೆಯೇ ಹಚ್ಚುವ ಬದಲು ಅದರ ಮೇಲ್ಭಾಗದಲ್ಲಿ, ಗೋಡೆಗೆ ಒಂದು ಚುಕ್ಕೆ ಇಡಿ. ಎರಡನೆಯದು ಬಾಗಿಲ ಚಿಲಕದ ಪಕ್ಕ. ಮೂರನೆಯದು ತಲೆಗೆ ಬಡಿಯುವ ಕಪಾಟಿನ ಮೂಲೆ. ನಾಲ್ಕನೆಯದು ಮೇಜಿನ ಅಂಚು ಮುಗಿಯುವ ಜಾಗ. ಫಿಲ್ಮ್ ಕೆಲಸಕ್ಕೆ ಇಷ್ಟು ಸಾಕು. ಐದಾರಕ್ಕಿಂತ ಹೆಚ್ಚು ಚುಕ್ಕೆ ಬೇಕೆನಿಸಿದರೆ ಕೊರತೆ ಇರುವುದು ಸಾಮಾನು ಜೋಡಿಸಿರುವ ಕ್ರಮದಲ್ಲಿ ಎಂದು ತಿಳಿಯಿರಿ.

ಕತ್ತರಿ, ಟ್ಯಾಂಕಿನ ಮುಚ್ಚಳ, ರೀಲು, ಕ್ಯಾಸೆಟ್ ತೆರೆಯುವ ಸಾಧನ ಇವು ಫಿಲ್ಮಿನ ಪಕ್ಕದಲ್ಲೇ ಇರುವ ವಸ್ತುಗಳು. ಇವಕ್ಕೆ ಬಣ್ಣ ಹಚ್ಚಲೇಬಾರದು. ಇವನ್ನು ಒಂದು ಅಂಚುಳ್ಳ ತಟ್ಟೆಯಲ್ಲಿ ಯಾವಾಗಲೂ ಒಂದೇ ಕ್ರಮದಲ್ಲಿ ಇಡಿ, ಕೈಯೇ ಹುಡುಕಿಕೊಳ್ಳುತ್ತದೆ. ಡೆವಲಪರ್, ಮೂಡಿದ ಚಿತ್ರವನ್ನು ಸ್ಥಿರಗೊಳಿಸುವ ಹೈಪೋ, ಈ ಎರಡರ ಬಾಟಲಿಗಳನ್ನು ಗುರುತಿಸಲು ಒಂದಕ್ಕೆ ಒಂದು ರಬ್ಬರ್ ಬ್ಯಾಂಡ್, ಇನ್ನೊಂದಕ್ಕೆ ಎರಡು ಹಾಕಿದರೆ ಯಾವ ಬೆಳಕೂ ಬೇಡ. ಸ್ಪರ್ಶದಿಂದ ಆಗುವ ಕೆಲಸಕ್ಕೆ ಬಣ್ಣ ಖರ್ಚು ಮಾಡಬಾರದು ಎಂಬುದನ್ನು ನಾನು ಬಲವಾಗಿ ಹೇಳುತ್ತೇನೆ. ಕೈ ತೂರಿಸಿ ಫಿಲ್ಮ್ ಸುತ್ತುವ ಕತ್ತಲೆ ಚೀಲವಾದ ಚೇಂಜಿಂಗ್ ಬ್ಯಾಗಿನ ಒಳಗೆ, ಪೇಪರ್ ಇಡುವ ಪೆಟ್ಟಿಗೆಯೊಳಗೆ, ಚಿತ್ರವನ್ನು ಹಿಗ್ಗಿಸಿ ಪೇಪರಿನ ಮೇಲೆ ಬೀಳಿಸುವ ಎನ್‌ಲಾರ್ಜರ್‌ನಲ್ಲಿ ನೆಗೆಟಿವ್ ಕೂರುವ ಜಾಗದ ಬಳಿ, ಕ್ಯಾಮೆರಾದ ಒಳಗೆ ಎಂದೂ ಬೇಡ.

ಪ್ರಿಂಟ್ ಹಾಕುವ ಬದಿಯಲ್ಲಿ ಸ್ವಲ್ಪ ಉದಾರವಾಗಬಹುದು. ಮೂರು ಟ್ರೇಗಳ ಹಿಂದಿನ ಗೋಡೆಗೆ ಡೆವಲಪರ್‌ಗೆ ಒಂದು, ಅದರ ಕೆಲಸ ನಿಲ್ಲಿಸುವ ಸ್ಟಾಪ್ ಬಾತ್‌ಗೆ ಎರಡು, ಹೈಪೋಗೆ ಮೂರು ಚುಕ್ಕೆ. ಎನ್‌ಲಾರ್ಜರ್ ತಲೆಯ ಹೊರಮೂಲೆಗೆ ಒಂದು, ಟೈಮರಿನ ಗುಂಡಿಯ ಪಕ್ಕ ಒಂದು. ಫಿಲ್ಮ್ ಕೆಲಸವೂ ಇದೇ ಕೋಣೆಯಲ್ಲಿ ನಡೆಯುವುದಾದರೆ ಇವುಗಳ ಮೇಲೆ ಕಪ್ಪು ಬಟ್ಟೆಯ ಪರದೆ ಇಳಿಬಿಡುವಂತಿರಲಿ.

ಬಳಿಯುವ ಕ್ರಮ

ಗೋಡೆಗೆ ನೇರವಾಗಿ ಬಳಿಯಬೇಡಿ. ಜಾಗ ಸರಿಯಿಲ್ಲವೆಂದು ಆಮೇಲೆ ತಿಳಿದರೆ ಕೆರೆದು ತೆಗೆಯಬೇಕಾಗುತ್ತದೆ. ಬಿಳಿ ಪ್ಲಾಸ್ಟಿಕ್ ಹಾಳೆಯ ಉಗುರಗಲದ ತುಂಡುಗಳ ಮೇಲೆ ಚುಕ್ಕೆ ಮಾಡಿಕೊಂಡು, ಎರಡೂ ಬದಿ ಅಂಟುವ ಟೇಪಿನಿಂದ ಅಂಟಿಸಿದರೆ ಬೇಕಾದಾಗ ಕಿತ್ತು ಬೇರೆ ಕಡೆ ಇಡಬಹುದು. ಇನ್ನೂ ಒಳ್ಳೆಯದು ಅಂಗಿಯ ಬಿಳಿ ಗುಂಡಿ. ಅದರ ನಡುವಿನ ತಗ್ಗಿನಲ್ಲಿ ಬಣ್ಣ ಕೂರುತ್ತದೆ, ಅಂಚು ಎತ್ತರವಿರುವುದರಿಂದ ಕೈ ಸವರಿದರೂ ಸವೆಯುವುದಿಲ್ಲ, ಬದಿಗೆ ಬೆಳಕು ಹರಡುವುದೂ ಕಡಿಮೆ, ಬೆರಳಿಗೂ ಗುರುತು ಸಿಗುತ್ತದೆ. ಗುಂಡಿಯ ನಾಲ್ಕು ತೂತುಗಳ ಪೈಕಿ ಒಂದನ್ನು ಮಾತ್ರ ತುಂಬಿದರೆ ಸುಮಾರು 2 ಮಿ.ಮೀ. ಚುಕ್ಕೆ ತಾನಾಗಿಯೇ ಸಿಗುತ್ತದೆ. ಹಿಂಬದಿಗೆ ಮೊದಲು ಬಿಳಿ ಟೇಪು ಅಂಟಿಸಿಕೊಳ್ಳಬೇಕು.

ಕೆಳಗಿನ ಪದರ ಬಿಳಿಯಾಗಿರಲೇಬೇಕು. ಕಿನ್ನಾಳದ ಗೊಂಬೆ ಮಾಡುವವರು ಮರಕ್ಕೆ ನೇರವಾಗಿ ಬಣ್ಣ ಹಚ್ಚದೆ ಮೊದಲು ತಳಲೇಪ ಕೊಡುವಂತೆ ಇಲ್ಲಿಯೂ ತಳವೇ ಮೇಲಿನ ಬಣ್ಣದ ಹೊಳಪನ್ನು ನಿರ್ಧರಿಸುತ್ತದೆ. ಈ ಪುಡಿಯ ಕಣಗಳು ಅರೆಪಾರದರ್ಶಕ. ಒಳಮುಖವಾಗಿ ಹೊರಟ ಬೆಳಕನ್ನು ಬಿಳಿ ತಳ ಹೊರಕ್ಕೆ ತಿರುಗಿಸುತ್ತದೆ, ಕಪ್ಪು ತಳ ನುಂಗಿಬಿಡುತ್ತದೆ.

ಸಿದ್ಧ ಬಣ್ಣ ಸಿಕ್ಕರೆ ಚೆನ್ನಾಗಿ ಕಲಕಿ ಬಳಸಿ. ಪುಡಿ ಭಾರವಾದದ್ದರಿಂದ ತಳಕ್ಕೆ ಇಳಿದು ಗಟ್ಟಿಯಾಗಿ ಕೂತಿರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಹಚ್ಚಿದರೆ ಏನೂ ಬೆಳಗುವುದಿಲ್ಲ. ಪುಡಿ ಮಾತ್ರ ಸಿಕ್ಕರೆ ಬಣ್ಣವಿಲ್ಲದ ನೇಲ್ ಪಾಲಿಶ್ ಅಥವಾ ಪಾರದರ್ಶಕ ವಾರ್ನಿಶ್ ತೆಗೆದುಕೊಂಡು, ತೂಕದಲ್ಲಿ ಒಂದು ಪಾಲು ಪುಡಿಗೆ ಎರಡು ಪಾಲಿನಂತೆ ಬೆರೆಸಿ. ಬಿಸಿಲಿನಿಂದ ರಕ್ಷಣೆ ಕೊಡುತ್ತದೆ ಎಂದು ಡಬ್ಬಿಯ ಮೇಲೆ ಬರೆದಿರುವ ವಾರ್ನಿಶ್ ಬೇಡ. ಅದು ಅತಿನೇರಳೆ ಬೆಳಕನ್ನು ತಡೆಯುತ್ತದೆ, ಬಣ್ಣ ಹೊಟ್ಟೆ ತುಂಬ ಬೆಳಕು ಕುಡಿಯಲು ಅದೇ ಬೆಳಕು ಹೆಚ್ಚು ನೆರವಾಗುತ್ತದೆ. ಕಲಕಲು ಕಬ್ಬಿಣದ ಚಮಚ ಬಳಸದೆ ಮರದ ಕಡ್ಡಿ ಬಳಸಿ. ಕಣಗಳು ಗಡುಸಾಗಿದ್ದು ಲೋಹವನ್ನು ಉಜ್ಜಿ ಬಣ್ಣವನ್ನು ಕಪ್ಪಾಗಿಸುತ್ತವೆ. ಪುಡಿ ಮೂಗಿಗೆ ಹೋಗದಂತೆ ಮುಖಗವಸು ಹಾಕಿಕೊಂಡು, ಕಿಟಕಿ ತೆರೆದ ಜಾಗದಲ್ಲಿ ಬೆರೆಸಿ.

ಚುಕ್ಕೆ ಇಡಲು ಕುಂಚಕ್ಕಿಂತ ಬೆಂಕಿಕಡ್ಡಿಯ ಮದ್ದಿಲ್ಲದ ತುದಿ ಒಳ್ಳೆಯದು. ಅದರ ಅಗಲ ಸುಮಾರು 2 ಮಿ.ಮೀ. ಒಮ್ಮೆ ಅದ್ದಿ ಮುಟ್ಟಿಸಿ, ಒಣಗಲು ಬಿಡಿ. ಒಣಗಿದ ಮೇಲೆ ಅದರ ಮೇಲೆಯೇ ಮತ್ತೆರಡು ಬಾರಿ ಮುಟ್ಟಿಸಿ. ಒಂದೇ ಸಲ ದಪ್ಪವಾಗಿ ಹಚ್ಚಿದರೆ ಮೇಲ್ಭಾಗ ಒಣಗಿ ಒಳಗೆ ಹಸಿ ಉಳಿಯುತ್ತದೆ, ನಮ್ಮ ಏಪ್ರಿಲ್ ಮೇ ಸೆಕೆಯಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಕೊನೆಗೆ ಬರೀ ವಾರ್ನಿಶ್ಶಿನ ಒಂದು ತೆಳು ಪದರ ಕೊಡಿ. ಸಿಂಕ್ ಮತ್ತು ಟ್ರೇಗಳ ಬಳಿಯ ಚುಕ್ಕೆಗಳಿಗೆ ಈ ಪದರ ತಪ್ಪಿಸಲೇಬಾರದು. ಸ್ಟ್ರಾನ್ಶಿಯಂ ಅಲ್ಯುಮಿನೇಟಿಗೆ ನೀರು ಆಗದು. ತೇವ ಒಳಗಿಳಿದರೆ ನಿಧಾನವಾಗಿ ಕೆಟ್ಟು ಬೆಳಗುವುದನ್ನೇ ನಿಲ್ಲಿಸುತ್ತದೆ. ಆ ಕಾರಣಕ್ಕೇ ಒದ್ದೆ ಬದಿಗೆ ನೀರಿನಲ್ಲಿ ಕರಗುವ ಬಣ್ಣಕ್ಕಿಂತ ಎಣ್ಣೆ ಅಥವಾ ಥಿನ್ನರ್ ಆಧಾರದ ಬಣ್ಣ ಒಳ್ಳೆಯದು.

ಬೆಳಕು ಕುಡಿಸುವುದು, ಆಮೇಲೆ ಕಾಯುವುದು

ಈ ಬಣ್ಣ ಬೆಳಕು ಕುಡಿಯುವುದು ನೀಲಿ, ನೇರಳೆ, ಅತಿನೇರಳೆ ಭಾಗದಿಂದ. ಬಿಳಿ ಎಲ್‌ಇಡಿ ಬಲ್ಬಿನಲ್ಲಿ ನೀಲಿ ಸಾಕಷ್ಟಿದೆ. ಅದರ ಕೆಳಗೆ ಐದು ನಿಮಿಷ ಇದ್ದರೂ ಬಣ್ಣ ತುಂಬಿಕೊಳ್ಳುತ್ತದೆ. ಕೆಂಪು ಸೇಫ್‌ಲೈಟಿನಿಂದ ಅದು ಏನನ್ನೂ ಕುಡಿಯುವುದಿಲ್ಲ.

ಈ ಒಂದು ಗುಣವನ್ನು ಚೆನ್ನಾಗಿ ಬಳಸಿಕೊಳ್ಳಬಹುದು. ಫಿಲ್ಮ್ ತೊಳೆಯುವ ದಿನ ಬಿಳಿ ದೀಪವನ್ನು ಬೇಗ ಆರಿಸಿ ಕೆಂಪು ದೀಪ ಹಾಕಿ. ರಾಸಾಯನಿಕ ಅಳೆಯುವುದು, ಉಷ್ಣತೆ ನೋಡುವುದು, ಟ್ಯಾಂಕು ರೀಲು ಒರೆಸಿ ಜೋಡಿಸುವುದು ಎಲ್ಲವನ್ನೂ ಕೆಂಪು ಬೆಳಕಿನಲ್ಲೇ ಮಾಡಿ. ರೋಲು ಇನ್ನೂ ಕ್ಯಾಸೆಟ್ಟಿನೊಳಗೇ ಇರುವುದರಿಂದ ಅದಕ್ಕೆ ತೊಂದರೆಯಿಲ್ಲ. ಅಷ್ಟರಲ್ಲಿ ಅರ್ಧ ಗಂಟೆ ಕಳೆದು ಚುಕ್ಕೆಗಳು ಮಂಕಾಗಿರುತ್ತವೆ. ಆಮೇಲೆ ಕೆಂಪು ದೀಪವನ್ನೂ ಆರಿಸಿ ಕ್ಯಾಸೆಟ್ ತೆರೆಯಿರಿ. ಬಿಳಿ ದೀಪದಲ್ಲಿ ಸಿದ್ಧತೆ ಮಾಡಿ ನೇರವಾಗಿ ಕತ್ತಲೆಗೆ ಬಂದರೆ ಆ ಅರ್ಧ ಗಂಟೆಯನ್ನು ಸೆಕೆಯಲ್ಲಿ ಬೆವರುತ್ತ ಸುಮ್ಮನೆ ಕಳೆಯಬೇಕಾಗುತ್ತದೆ, ಕೊನೆಗೆ ತಾಳ್ಮೆಗೆಟ್ಟು ಬೇಗ ತೆರೆದುಬಿಡುತ್ತೇವೆ.

ಈ ಕಾಯುವಿಕೆ ಕಣ್ಣಿಗೂ ಬೇಕು. ರೆಟಿನಾದ ದಂಡಕೋಶಗಳು ಕತ್ತಲೆಗೆ ಪೂರ್ತಿ ಒಗ್ಗಲು ಮೂವತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಮೊದಲ ನಿಮಿಷದಲ್ಲಿ ಕಾಣದ ಚುಕ್ಕೆ ಆಮೇಲೆ ಸ್ಪಷ್ಟವಾಗಿ ಕಾಣುತ್ತದೆ, ಅದರ ಹೊಳಪು ಅಷ್ಟರಲ್ಲಿ ಇಳಿದಿದ್ದರೂ ಕೂಡ. ಚುಕ್ಕೆಯನ್ನು ನೇರವಾಗಿ ದಿಟ್ಟಿಸದೆ ಸ್ವಲ್ಪ ಪಕ್ಕಕ್ಕೆ ನೋಡಿ. ದೃಷ್ಟಿಯ ನಟ್ಟನಡುವಿನಲ್ಲಿ ಆ ದಂಡಕೋಶಗಳಿಲ್ಲ, ಓರೆನೋಟಕ್ಕೇ ಮಂದ ಬೆಳಕು ಹೆಚ್ಚು ಕಾಣುತ್ತದೆ. ಫಿಲ್ಮ್ ಸುತ್ತುವಾಗ ಚುಕ್ಕೆಗಳಿರುವ ಗೋಡೆಗೆ ಬೆನ್ನು ಹಾಕಿ ನಿಲ್ಲಿ. ನಿಮ್ಮ ಮೈಯೇ ಮರೆಯಾಗುತ್ತದೆ. ಟ್ಯಾಂಕಿನ ಮುಚ್ಚಳ ಬಿಗಿದ ಮೇಲೆ ಚುಕ್ಕೆಯಿರಲಿ, ಟ್ಯೂಬ್‌ಲೈಟೇ ಇರಲಿ, ಚಿಂತೆಯಿಲ್ಲ.

ಪರೀಕ್ಷೆ

ಒಂದು ರೋಲನ್ನು ಇದಕ್ಕೆಂದೇ ಮೀಸಲಿಡಿ. ನೀವು ಬಳಸುವ ಫಿಲ್ಮುಗಳಲ್ಲಿ ಅತಿ ವೇಗದ್ದೇ ಆಗಿರಲಿ. ಖಾಲಿ ಫಿಲ್ಮಿನ ಮೇಲೆ ಪರೀಕ್ಷಿಸಿದರೆ ಸಾಲದು, ಏಕೆಂದರೆ ಆಗಲೇ ಸ್ವಲ್ಪ ಬೆಳಕು ಕಂಡಿರುವ ಫಿಲ್ಮು ಹೆಚ್ಚುವರಿ ಬೆಳಕಿಗೆ ಇನ್ನೂ ಬೇಗ ಸ್ಪಂದಿಸುತ್ತದೆ. ಒಂದು ಬರಿಯ ಗೋಡೆಯನ್ನು ಫೋಕಸ್ ತಪ್ಪಿಸಿ, ಮೀಟರ್ ತೋರಿಸಿದ್ದಕ್ಕಿಂತ ಮೂರು ಸ್ಟಾಪ್ ಕಡಿಮೆ ಎಕ್ಸ್‌ಪೋಷರ್, ಅಂದರೆ ಎಂಟರಲ್ಲಿ ಒಂದು ಪಾಲು ಬೆಳಕು ಕೊಟ್ಟು ರೋಲಿನುದ್ದಕ್ಕೂ ತೆಗೆಯಿರಿ. ಇದು ನೆರಳಿನ ಭಾಗಕ್ಕೆ ಸಮ.

ಈಗ ಎಂದಿನ ಕ್ರಮದಲ್ಲೇ ಡಾರ್ಕ್‌ರೂಮಿಗೆ ಹೋಗಿ. ಬಿಳಿ ದೀಪ ಎಷ್ಟು ಹೊತ್ತು ಉರಿಯುತ್ತದೋ ಅಷ್ಟು ಹೊತ್ತು ಉರಿಯಲಿ, ಎಷ್ಟು ಕಾಯುತ್ತೀರೋ ಅಷ್ಟೇ ಕಾಯಿರಿ. ಪೂರ್ತಿ ಕತ್ತಲಲ್ಲಿ ಒಂದು ಗೇಣಿನಷ್ಟು ಫಿಲ್ಮ್ ಕತ್ತರಿಸಿ, ನೀವು ರೀಲಿಗೆ ಸುತ್ತುವ ಜಾಗದಲ್ಲೇ ಎಮಲ್ಷನ್ ಬದಿ (ಬೆಳಕಿಗೆ ಸ್ಪಂದಿಸುವ ಲೇಪ ಇರುವ ಬದಿ) ಮೇಲಾಗಿ ಮೇಜಿನ ಮೇಲೆ ಮಲಗಿಸಿ, ಎರಡು ತುದಿಗೂ ಟೇಪು ಹಾಕಿ. ಎಮಲ್ಷನ್ ಬದಿ ಯಾವುದೆಂದು ತಿಳಿಯುವುದು ಸುಲಭ: ಫಿಲ್ಮ್ ಒಳಮುಖವಾಗಿ ಸುರುಳಿಯಾಗುವ ಕಡೆ ಅದು. ಉದ್ದಕ್ಕೂ ಐದು ಒಂದು ರೂಪಾಯಿ ನಾಣ್ಯಗಳನ್ನು ಸಾಲಾಗಿ ಇಡಿ, 35 ಮಿ.ಮೀ. ಫಿಲ್ಮಿನ ಅಗಲದೊಳಗೆ ಅವು ಕೂರುತ್ತವೆ. ಐದನೆಯ ನಾಣ್ಯದ ಭಾಗವನ್ನು ಮೊದಲಿಂದಲೇ ದಪ್ಪ ರಟ್ಟಿನಿಂದ ಮುಚ್ಚಿರಿ. ಎರಡು ನಿಮಿಷವಾದಾಗ ರಟ್ಟನ್ನು ನಾಲ್ಕನೆಯದರ ಮೇಲಕ್ಕೂ ಸರಿಸಿ. ನಾಲ್ಕು ನಿಮಿಷಕ್ಕೆ ಮೂರನೆಯದು, ಎಂಟಕ್ಕೆ ಎರಡನೆಯದು, ಹದಿನಾರಕ್ಕೆ ಮೊದಲನೆಯದು ಮುಚ್ಚಲಿ. ಮುಚ್ಚಿದ್ದನ್ನು ಒಂದೊಂದಾಗಿ ತೆರೆಯುವ ಬದಲು, ತೆರೆದದ್ದನ್ನು ಮುಚ್ಚುತ್ತ ಬರಬೇಕು. ಚುಕ್ಕೆಯ ಹೊಳಪು ಹೊತ್ತುಹೊತ್ತಿಗೂ ಇಳಿಯುವುದರಿಂದ ಎಲ್ಲ ಭಾಗಗಳೂ ಮೊದಲ ಪ್ರಖರ ನಿಮಿಷಗಳನ್ನು ಕಂಡಿರಬೇಕು.

ಹೊತ್ತು ನೋಡಲು ಒಳಗೆ ಮೊಬೈಲ್ ಒಯ್ಯಬೇಡಿ. ಬಾಗಿಲಾಚೆ ಮನೆಯವರೊಬ್ಬರು ಗಡಿಯಾರ ಹಿಡಿದು ಕುಳಿತು ‘ಎರಡು’, ‘ನಾಲ್ಕು’, ‘ಎಂಟು’ ಎಂದು ಕೂಗಿದರೆ ಸಾಕು.

ತುಂಡನ್ನು ರೀಲಿಗೆ ಸುತ್ತಿ ಎಂದಿನ ಡೆವಲಪರಿನಲ್ಲಿ ಎಂದಿನಷ್ಟೇ ಹೊತ್ತು ತೊಳೆದು, ಹೈಪೋ ಮುಗಿಸಿ, ಬಿಳಿ ಹಾಳೆಯ ಎದುರು ಹಿಡಿದು ನೋಡಿ. ನಾಣ್ಯ ಕೂತಿದ್ದ ಜಾಗ ಸುತ್ತಲಿಗಿಂತ ತಿಳಿಯಾದ ವೃತ್ತವಾಗಿ ಕಂಡರೆ ಆ ಹೊತ್ತಿಗೆ ಫಾಗ್ ಬಂದಿದೆ. ಹದಿನಾರು ನಿಮಿಷದ ಭಾಗದಲ್ಲಿ ಕಂಡು ಎಂಟರಲ್ಲಿ ಕಾಣದಿದ್ದರೆ ಎಂಟು ನಿಮಿಷದ ತನಕ ಕ್ಷೇಮ ಎಂದಾಯಿತು. ದಿನಬಳಕೆಗೆ ಅದರ ಅರ್ಧ, ನಾಲ್ಕೇ ನಿಮಿಷ ಎಂದು ಇಟ್ಟುಕೊಳ್ಳಿ. ಎರಡು ನಿಮಿಷದಲ್ಲೇ ವೃತ್ತ ಕಂಡರೆ ಚುಕ್ಕೆ ಕಡಿಮೆ ಮಾಡಬೇಕು, ದೂರ ಸರಿಸಬೇಕು ಇಲ್ಲವೇ ಹೆಚ್ಚು ಕಾಯಬೇಕು. ಮುಚ್ಚಿಯೇ ಇದ್ದ ಐದನೆಯ ಭಾಗದಲ್ಲೂ ವೃತ್ತವಿದ್ದರೆ ಫಿಲ್ಮಿಗೆ ಬೆಳಕು ತಾಗಿದ್ದು ನಾಣ್ಯ ಇಟ್ಟ ಮೇಲೆ ರಟ್ಟಿನ ಸಂದಿಯಿಂದ. ಪರೀಕ್ಷೆಯನ್ನೇ ಮತ್ತೆ ಮಾಡಿ.

ಫಾಗ್ ಕಂಡ ತಕ್ಷಣ ಬಣ್ಣವನ್ನೇ ದೂಷಿಸುವುದು ಬೇಡ. ಎಲ್ಲ ಚುಕ್ಕೆಗಳ ಮೇಲೆ ಕಪ್ಪು ಟೇಪು ಹಾಕಿ ಇದೇ ಪರೀಕ್ಷೆಯನ್ನು ಇನ್ನೊಂದು ತುಂಡಿನ ಮೇಲೆ ಮಾಡಿ. ಆಗಲೂ ವೃತ್ತಗಳು ಬಂದರೆ ತಪ್ಪಿರುವುದು ಕೋಣೆಯಲ್ಲಿ.

ಪೇಪರಿಗೂ ಇದೇ ವಿಧಾನ. ಎನ್‌ಲಾರ್ಜರಿನಿಂದ ತೀರಾ ತಿಳಿಯಾದ ಬೂದುಬಣ್ಣ ಬರುವಷ್ಟು ಬೆಳಕನ್ನು ಮೊದಲು ಕೊಟ್ಟು, ಈಸಲ್ ಮೇಲೆ ಒಂದು ತುಂಡು, ಡೆವಲಪರ್ ಟ್ರೇಯ ಪಕ್ಕ ಒಂದು ತುಂಡು ಇಟ್ಟು ನಾಣ್ಯ ಜೋಡಿಸಿ. ಸೇಫ್‌ಲೈಟ್ ಹಾಕಿಕೊಂಡೇ ಮಾಡಿ, ಏಕೆಂದರೆ ನಿಜವಾದ ಕೆಲಸದಲ್ಲಿ ಎರಡರ ಬೆಳಕೂ ಕೂಡಿಯೇ ಬೀಳುತ್ತದೆ. ಬೆಳಕಿನ ಬಣ್ಣ ಬದಲಿಸಿ ಕಾಂಟ್ರಾಸ್ಟ್ ಹೆಚ್ಚುಕಡಿಮೆ ಮಾಡಬಹುದಾದ ವೇರಿಯಬಲ್ ಕಾಂಟ್ರಾಸ್ಟ್ ಪೇಪರ್ ಬಳಸುವವರು ಇನ್ನಷ್ಟು ಗಮನವಿಡಿ. ಅದರ ಕಡಿಮೆ ಕಾಂಟ್ರಾಸ್ಟಿನ ಪದರ ಹಸಿರಿಗೇ ಸ್ಪಂದಿಸುವಂಥದ್ದು. ಪ್ರಿಂಟಿನ ಬಿಳಿಗಳು ಕಳೆಗುಂದಿ ಮಂಕಾದರೆ ಕಾರಣ ಅಲ್ಲಿರಬಹುದು.

ಹಳೆಯ ಗಡಿಯಾರ, ಹಳೆಯ ಟೈಮರು

ಮುಚ್ಚಿಹೋದ ಸ್ಟುಡಿಯೋಗಳಿಂದ, ಗುಜರಿಯಿಂದ ಕೆಲವೊಮ್ಮೆ ಹಸಿರು ಮುಳ್ಳಿನ ಹಳೆಯ ಗಡಿಯಾರಗಳು ಸಿಗುತ್ತವೆ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ತಯಾರಾದ ಇಂಥ ಎಷ್ಟೋ ಗಡಿಯಾರಗಳ ಬಣ್ಣದಲ್ಲಿ ನಿಜವಾದ ರೇಡಿಯಂ ಇತ್ತು. ರೇಡಿಯಂ-226ರ ಅರ್ಧಾಯುಷ್ಯ ಸುಮಾರು 1600 ವರ್ಷ. ಜೊತೆಗಿದ್ದ ಸತುವಿನ ಸಲ್ಫೈಡ್ ಸವೆದು ಮುಳ್ಳು ಬೆಳಗುವುದು ನಿಂತಿರಬಹುದು, ವಿಕಿರಣ ಮಾತ್ರ ಹಾಗೆಯೇ ಇರುತ್ತದೆ. ಡಬ್ಬಿಯೊಳಗಿನ ಫಿಲ್ಮನ್ನೂ ಅದು ಬಿಡುವುದಿಲ್ಲ. ವಿಕಿರಣಶೀಲತೆ ಎಂಬುದು ಪತ್ತೆಯಾದದ್ದೇ ಹೀಗೆ: 1896ರಲ್ಲಿ ಹೆನ್ರಿ ಬೆಕೆರೆಲ್ ಕಪ್ಪು ಕಾಗದದಲ್ಲಿ ಸುತ್ತಿಟ್ಟ ಫೋಟೊ ಪ್ಲೇಟಿನ ಮೇಲೆ ಯುರೇನಿಯಂ ಲವಣ ತನ್ನ ಗುರುತು ಮೂಡಿಸಿದ್ದನ್ನು ಕಂಡ. ಅಮೆರಿಕದಲ್ಲಿ ಗಡಿಯಾರದ ಮುಖಗಳಿಗೆ ಆ ಬಣ್ಣ ಬಳಿಯುತ್ತ, ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳುತ್ತಿದ್ದ ಹೆಣ್ಣುಮಕ್ಕಳಲ್ಲಿ ಹಲವರು ಕಾಯಿಲೆ ಬಿದ್ದು ಸತ್ತರು.

ಆದ್ದರಿಂದ ಕಾಲ ಗೊತ್ತಿಲ್ಲದ ಗಡಿಯಾರದ ಗಾಜನ್ನು ಬಿಚ್ಚಬೇಡಿ, ಮುಳ್ಳಿನ ಬಣ್ಣ ಕೆರೆಯಬೇಡಿ, ಫಿಲ್ಮ್ ಮತ್ತು ಪೇಪರ್ ಇಡುವ ಕೋಣೆಗೆ ತರಬೇಡಿ. ಹಲವು ದಿನ ಕತ್ತಲೆ ಪೆಟ್ಟಿಗೆಯಲ್ಲಿ ಇಟ್ಟು ತೆಗೆದಾಗಲೂ ತಾನಾಗಿ ಬೆಳಗುತ್ತಿದ್ದರೆ ಅದರಲ್ಲಿ ವಿಕಿರಣ ವಸ್ತು ಇದೆ ಎಂದೇ ಭಾವಿಸಿ. ಬೆಳಗದಿದ್ದರೆ ಕ್ಷೇಮ ಎಂದು ಮಾತ್ರ ತಿಳಿಯಬೇಡಿ.

ಚುಕ್ಕೆಗಳ ಆರೈಕೆ ಹೆಚ್ಚಿಲ್ಲ. ಗಿಣಿಗೇರಾ ಬದಿಯ ಕಾರ್ಖಾನೆಗಳ ಕಡೆಯಿಂದ ಗಾಳಿ ಬೀಸುವ ದಿನಗಳಲ್ಲಿ ಕಪ್ಪು ಧೂಳು ಎಲ್ಲದರ ಮೇಲೂ ಕೂರುತ್ತದೆ. ತಿಂಗಳಿಗೊಮ್ಮೆ ಒಣ ಬಟ್ಟೆಯಿಂದ ಒರೆಸಿ. ಒರೆಸಿದ ಮೇಲೆ ಚುಕ್ಕೆ ಮೊದಲಿಗಿಂತ ಹೆಚ್ಚು ಬೆಳಗುತ್ತದೆ. ಆದ್ದರಿಂದ ನಾಣ್ಯದ ಪರೀಕ್ಷೆಯನ್ನು ಯಾವಾಗಲೂ ಒರೆಸಿದ ಚುಕ್ಕೆಗಳೊಂದಿಗೇ ಮಾಡಿ. ಬಲ್ಬ್ ಬದಲಿಸಿದಾಗ, ಹೊಸ ಚುಕ್ಕೆ ಸೇರಿಸಿದಾಗ, ಹೆಚ್ಚು ವೇಗದ ಫಿಲ್ಮಿಗೆ ಹೋದಾಗ ಆ ಪರೀಕ್ಷೆಯನ್ನು ಮತ್ತೆ ಮಾಡಿ, ಸಿಕ್ಕ ನಿಮಿಷಗಳನ್ನು ಬಾಗಿಲ ಒಳಬದಿಯಲ್ಲಿ ಸೀಸದ ಕಡ್ಡಿಯಿಂದ ಬರೆದಿಡಿ.